ಕಾಗೆಬಂಗಾರದ ಕೈ

ನನ್ನ ತಂಗಿ ಚಂಪವ್ವ ತೀರಿಕೊಂಡು ಇಂದಿಗೆ ಹದಿನೇಳು ದಿನ. ಬಸದಿಗೆ ಹೋಗಿ ಬಂದು, ಒಂದು ಹೊತ್ತಿನ ಊಟ ಮುಗಿಸಿ, ಇದನ್ನು ಬರೆಯಲು ಕುಳಿತಿದ್ದೇನೆ. ಊರಿನವರು ಅವಳ ವಿಷಯವಾಗಿ ನಲವತ್ತು ವರ್ಷ ಒಂದು ಮಾತನ್ನು ಆಡಿಕೊಂಡು ಬಂದಿದ್ದಾರೆ. ಆ ಮಾತು ನಿಜವಲ್ಲ. ನಿಜವಲ್ಲವೆಂದು ಬಲ್ಲವಳು ನಾನೊಬ್ಬಳೇ ಎಂದು ಮೊನ್ನೆಮೊನ್ನೆಯವರೆಗೂ ತಿಳಿದಿದ್ದೆ.

ನಮ್ಮ ಊರಿನ ಕಾವಲಿನವರು ತಾವಾಗಿ ಏಳುವುದಿಲ್ಲ. ಊರಬಾಗಿಲ ಅಗಸೆಯ ಕಟ್ಟೆಯ ಮೇಲೆ ಕೋಲನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿರುತ್ತಾರೆ. ಎದುರಿನ ಮನೆಯೇ ಹಾಳಾಗುತ್ತಿದ್ದರೂ ಕುಳಿತೇ ಇರುತ್ತಾರೆ. ಹೇಳಿಕೆಯವಳು ಬಂದು ‘ಏಳಿ’ ಎಂದಾಗ ಏಳುತ್ತಾರೆ. ಎದ್ದ ಮೇಲೆ ಕೂರುವುದು ಅವರಿಗೆ ತಿಳಿಯದು. ಅದಕ್ಕೆ ಇನ್ನೊಬ್ಬಳು ಬೇಕು. ಅವಳು ಹೋಗಿ ಮುಂದಾಳಿನ ಕೋಲಿನ ಮೇಲೆ ಅಂಗೈ ಇಟ್ಟು ‘ಸಾಕು’ ಎನ್ನಬೇಕು. ಹೇಳಿಕೆಯವಳಿಗೆ ಸಾಕೆನ್ನಲು ಬರುವುದಿಲ್ಲ, ಸಾಕೆನ್ನುವವಳಿಗೆ ಎಬ್ಬಿಸಲು ಬರುವುದಿಲ್ಲ. ಚಂಪವ್ವ ಹೇಳಿಕೆಯವಳಾಗಿದ್ದಳು. ನಾನು ಸಾಕೆನ್ನುವವಳು.

ಇದು ನಾವು ಆರಿಸಿಕೊಂಡದ್ದಲ್ಲ. ಊರಿನ ಹೆಣ್ಣುಮಕ್ಕಳೆಲ್ಲ ಹನ್ನೆರಡು ತುಂಬಿದ ವರ್ಷ ಜರಡಿಮನೆಗೆ ಹೋಗಬೇಕು. ಚಂಪವ್ವ ನನಗಿಂತ ಒಂದೇ ವರ್ಷ ಚಿಕ್ಕವಳು. ನನ್ನ ಪಾಳಿ ಬಂದ ವರ್ಷ ನನಗೆ ಜ್ವರ ಹಿಡಿದಿದ್ದರಿಂದ ಮರುವರ್ಷ ಇಬ್ಬರೂ ಕೂಡಿಯೇ ಹೋದೆವು. ಜರಡಿಮನೆ ಆಗ ದೊಡ್ಡದಿತ್ತು, ನೂರು ಹುಡುಗಿಯರು ಸಾಲಾಗಿ ಮಲಗಬಹುದಿತ್ತು. ಆ ಮನೆ ವರ್ಷಕ್ಕಿಷ್ಟು ಎಂದು ಕುಗ್ಗುತ್ತಲೇ ಬಂದಿದೆ. ನಮ್ಮ ಆಯಿಯ ಕಾಲದಲ್ಲಿ ಅದರ ಅಂಗಳದಲ್ಲಿ ಎತ್ತಿನ ಗಾಡಿ ತಿರುಗುತ್ತಿತ್ತಂತೆ.

ಅಲ್ಲಿ ಒಂದು ಪರದೆ, ಪರದೆಯಲ್ಲಿ ಒಂದು ಸೀಳು. ಹುಡುಗಿಯನ್ನು ಒಳಗೆ ಕೂರಿಸುತ್ತಾರೆ. ಊರಿನವರು ಒಬ್ಬೊಬ್ಬರಾಗಿ ಬಂದು ಹೊರಗಿನಿಂದ ಕೈ ತೂರಿಸುತ್ತಾರೆ. ಅವಳು ಆ ಕೈಯನ್ನು ಹಿಡಿಯಬೇಕು. ಯಾವ ಕೈಯೂ ಏನೂ ಅನ್ನಿಸದಿದ್ದರೆ ಅವಳನ್ನು ಮನೆಗೆ ಕಳಿಸುತ್ತಾರೆ. ಅಂಥವರೇ ಹೆಚ್ಚು, ಅವರು ಮದುವೆ ಮಾಡಿಕೊಂಡು ಸುಖವಾಗಿರುತ್ತಾರೆ. ಊರಿನವರ ಕೈ ಹಿಡಿದು ಹಾವು ಹಿಡಿದಂತೆ ಚೀರುವವಳನ್ನು ಅದೇ ದಿನ ದೋಣಿಯಲ್ಲಿ ಕೂರಿಸಿ ಹೊಳೆ ದಾಟಿಸುತ್ತಾರೆ. ಅವಳ ಹೆಸರನ್ನು ಮನೆಯವರೂ ಮತ್ತೆ ಎತ್ತುವುದಿಲ್ಲ. ಕೈ ಹಿಡಿದು, ಇದು ನಮ್ಮವರದು ಎಂದು ಹಗುರವಾಗಿ ಬಿಡಬಲ್ಲವರು ಮಾತ್ರ ಉಳಿಯುತ್ತಾರೆ. ನೂರಕ್ಕೆ ಇಬ್ಬರೋ ಮೂವರೋ.

ನಮ್ಮ ಅವ್ವ ಮದುವೆಗಳಿಗೆ ಬಾಸಿಂಗ ಕಟ್ಟುತ್ತಿದ್ದಳು. ಬೆಂಡಿನ ಮೇಲೆ ಕಾಗೆಬಂಗಾರದ ಚೂರುಗಳನ್ನು ಅಂಟಿಸಿ ಅಂಟಿಸಿ ಅವಳ ಬೆರಳಿನ ಗೆರೆಗಳಲ್ಲಿ, ಉಗುರಿನ ಸಂದಿನಲ್ಲಿ ಆ ಹೊಳಪು ಕೂತುಬಿಟ್ಟಿತ್ತು. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ನಾವು ಜರಡಿಮನೆಗೆ ಹೋದ ಹದಿನೆಂಟನೆಯ ದಿನ ಪರದೆಯ ಸೀಳಿನಿಂದ ಆ ಕೈ ಬಂತು. ಕತ್ತಲಲ್ಲೂ ಹೊಳೆಯುವ ಆ ಕೈಯನ್ನು ನಾನು ಹಿಡಿದೆ. ದಿನಾ ಬೆಳಿಗ್ಗೆ ಮೊದಲು ಚಂಪವ್ವನ ತಲೆ ಬಾಚಿ ಆಮೇಲೆ ನನ್ನನ್ನು ಕರೆಯುತ್ತಿದ್ದ ಕೈ ಅದು. ಎದೆಯಲ್ಲಿ ಏನೋ ಎದ್ದು ಗಂಟಲವರೆಗೆ ಬಂತು. ಕೂಗಿಯೇ ಬಿಡುತ್ತಿದ್ದೆ. ಹೊಳೆ, ದೋಣಿ ಕಣ್ಣಮುಂದೆ ಬಂದವು. ಕೂಗನ್ನು ಅರ್ಧದಲ್ಲೇ ನುಂಗಿದೆ.

ಜರಡಿಮನೆಯ ಹಿರಿಯಳು ಬಂಗಾರೆವ್ವ. ಅವಳು ಮೂಲೆಯಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿದ್ದಳು. ಎದ್ದು ಬಂದು ನನ್ನ ಗಂಟಲು ಮುಟ್ಟಿ ನೋಡಿದಳು.

“ಈಕಿ ಕೂಗಾಕಿ ಅಲ್ಲ, ನುಂಗಾಕಿ,” ಎಂದಳು. “ಇಂಥಾಕಿನೂ ಒಬ್ಬಾಕಿ ಬೇಕು ಊರಿಗೆ. ಮಗಳ, ಆ ಕೈ ಹೊಳಪು ನಿನಗ ಗೊತ್ತಾತಲ್ಲ? ಅದನ್ನ ಮರೀಬ್ಯಾಡ. ನಾಳೆ ಯಾರರ ತಪ್ಪು ತಿಳಕೊಂಡು ಅದರ ಮ್ಯಾಲ ಕೋಲು ಎತ್ತಿದ್ರ, ತಡಿಯಾಕಿ ನೀ ಒಬ್ಬಾಕಿನ.”

ನನ್ನ ಬಳಿಕ ಚಂಪವ್ವ ಕುಳಿತಳು. ಅವ್ವನ ಕೈಯನ್ನು ಹಿಡಿದು, ನಕ್ಕು, ಬಿಟ್ಟಳು. ಅಷ್ಟೇ. ಅವಳಿಗೆ ಕೆಂಪಂಚಿನ ಸೀರೆ ಉಡಿಸಿ, ಉಳಿದ ಹೆಂಗಸರು ಕುಳಿತು ಬತ್ತಿ ಹೊಸೆಯುವ ಪಡಸಾಲೆಯ ಮುಂದಿನ ಸಾಲಿನಲ್ಲಿ ಮಣೆ ಹಾಕಿದರು. ನನಗೆ ಬಿಳಿ ಸೀರೆ, ಹಿಂದಿನ ಸಾಲು. ಪಡಸಾಲೆಯ ಹೆಂಗಸರು ನನ್ನನ್ನು ಆಡಿಕೊಂಡು ನಗುತ್ತಿದ್ದರು. ಸೋನವ್ವನ ಬಾಯಲ್ಲಿರುವುದು ಒಂದೇ ಮಾತು, ಅದೂ ಊಟದ ಪಂಕ್ತಿಯಲ್ಲಿ ಎಲ್ಲರೂ ಆಡುವ ಮಾತು ಎನ್ನುತ್ತಿದ್ದರು. ಚಂಪವ್ವ ನಗುತ್ತಿರಲಿಲ್ಲ. ಅದು ನನಗೆ ಇನ್ನೂ ಉರಿಯುತ್ತಿತ್ತು.

ನನಗೊಂದು ಸಮಾಧಾನವಿತ್ತು. ಪ್ರತಿ ಹೇಳಿಕೆಯವಳಿಗೂ ಹುಟ್ಟಿನಿಂದ ಒಂದೇ ಒಂದು ಚೂರಿನ ಗುರುತು ತಿಳಿದಿರುತ್ತದೆ. ಹೊರಗಿನಿಂದ ಊರಿಗೆ ಏನಾದರೂ ಕೇಡು ಹೊಕ್ಕರೆ, ತೋರಿಸುವವರು ಅದರ ಚೂರನ್ನು ಮೊರದಲ್ಲಿ ತಂದು ಪಡಸಾಲೆಯಲ್ಲಿ ಸಾಲಾಗಿ ತೋರಿಸುತ್ತಾರೆ. ಯಾವಳ ಚೂರು ಅದೋ ಅವಳು ಮಾತ್ರ ಎದ್ದೇಳುತ್ತಾಳೆ. ಉಳಿದವರು ತಲೆಯಾಡಿಸಿ ಮತ್ತೆ ಬತ್ತಿ ಹೊಸೆಯುತ್ತಾರೆ. ಎಷ್ಟೋ ಜನ ತಮ್ಮ ಚೂರು ಬರದೆಯೇ ಹಲ್ಲು ಉದುರಿ ತೀರಿಹೋಗುತ್ತಾರೆ. ಚಂಪವ್ವನದೂ ಬಾರದೇ ಹೋಗಲಿ ಎಂದು ನಾನು ಹದಿನೈದು ವರ್ಷ ಬಸದಿಯಲ್ಲಿ ಬೇಡಿಕೊಂಡೆ. ಬೇರೆ ಯಾರಿಗೂ ಕೇಡಾಗುವ ಬೇಡಿಕೆಯಲ್ಲವಲ್ಲ ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೆ.

ನನಗೆ ಇಪ್ಪತ್ತೆಂಟು ತುಂಬಿದಾಗ ಅದು ಬಂತು. ನೆಲದಡಿ ಕಾಳು ತುಂಬಿಡುವ ಹಗೇವುಗಳಿದ್ದ ನಮ್ಮ ಓಣಿಯ ತಲೆಯಲ್ಲಿ ಗಾಣಿಗರ ಭರಮಪ್ಪನ ಮನೆ. ಅವನ ಹೆಂಡತಿ ಬೆಳಿಗ್ಗೆ ರೊಟ್ಟಿ ಬಡಿದು ಹಂಚಿಗೆ ಹಾಕಿದಳು. ಮಗುಚಿ ಹಾಕುವಾಗ ಅದು ರೊಟ್ಟಿಯಾಗಿರಲಿಲ್ಲ, ತೆಳ್ಳನೆಯ ಬೂದು ಬಿಲ್ಲೆಯಾಗಿ ಮಿರಮಿರ ಹೊಳೆಯುತ್ತಿತ್ತು. ಮಧ್ಯಾಹ್ನಕ್ಕೆ ಭರಮಪ್ಪನ ಗಾಣದಿಂದ ಎಣ್ಣೆಯ ಬದಲು ಅದೇ ಬೂದು ಹೊಳಪು ಸುರಿಯಿತು. ಆ ಮನೆಯವರಿಗೆ ಏನೂ ಅನ್ನಿಸುತ್ತಿರಲಿಲ್ಲ. ಎಂದಿನಂತೆ ಬಡಿಯುತ್ತಿದ್ದರು, ಅರೆಯುತ್ತಿದ್ದರು, ಮಾಡಿದ್ದೆಲ್ಲ ಅದೇ ಆಗುತ್ತಿತ್ತು. ಎರಡು ದಿನಕ್ಕೆ ಪಕ್ಕದ ಮನೆಗೂ ಹತ್ತಿತು. ಅದು ಹೊಕ್ಕ ಮನೆಯನ್ನು ಕಾವಲಿನವರು ಬಾಗಿಲು ಮುಚ್ಚಿ ಕೆಡವುತ್ತಾರೆ. ಒಳಗಿನವರನ್ನು ಹೊರಗೆ ಕರೆಯುವ ಪದ್ಧತಿ ಇಲ್ಲ. ಬೇರೆ ದಾರಿಯೂ ಇಲ್ಲ.

ತೋರಿಸುವವನಾಗಿದ್ದ ನೇಮಣ್ಣ ಒಂದು ಚೂರನ್ನು ಮೊರದಲ್ಲಿ ತಂದ. ಒಂದು ಕೈಯಲ್ಲಿ ಮೊರ ಹಿಡಿದು, ಇನ್ನೊಂದು ಕೈಯಲ್ಲಿ ಎದುರಿನವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ತೋರಿಸಬೇಕು. ಮಣಿಕಟ್ಟು ಹಿಡಿಯದೆ ಬರಿದೇ ತೋರಿಸಿದರೆ ಹೇಳಿಕೆಯವಳ ಬಾಯಿ ಕಟ್ಟಿಹೋಗುತ್ತದೆ. ನಾಲ್ಕು ದಿನ ಅವನು ಸಾಲಿನ ಮೇಲೆ ಸಾಲು ನಡೆದ. ಐದನೆಯ ದಿನ ಚಂಪವ್ವನ ಮುಂದೆ ನಿಂತ. ಅವಳು ಚೂರನ್ನು ನೋಡಿದಳು, ಬತ್ತಿಯನ್ನು ಕೆಳಗಿಟ್ಟಳು, ಎದ್ದಳು. ನಾನು ಹಿಂದಿನ ಸಾಲಿನಲ್ಲಿದ್ದೆ. ಅವಳ ಬೆನ್ನು ಮಾತ್ರ ಕಂಡಿತು. ಅಷ್ಟು ನೆಟ್ಟಗಾದ ಬೆನ್ನನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಚೂರು ಸಿಕ್ಕವಳು ಒಬ್ಬಳಾಗಿ ಉಳಿಯುವುದಿಲ್ಲ. ಪಡಸಾಲೆಯ ಮೆಟ್ಟಿಲಿಳಿಯುವಾಗ ಇಬ್ಬರು ಚಂಪವ್ವ ಇದ್ದರು, ಅಗಸೆ ಮುಟ್ಟುವಾಗ ಎಂಟು ಜನ, ಹೊತ್ತು ಇಳಿಯುವಷ್ಟರಲ್ಲಿ ಅರವತ್ತನಾಲ್ಕು. ಅದೇ ಮುಖ, ಅದೇ ಮೂಗುಬೊಟ್ಟು, ಅದೇ ಕೆಂಪಂಚು. ಊರಿನವರಿಗೆ ಇದು ಹೊಸದಲ್ಲ, ಅಷ್ಟು ಎಲೆ ಹೆಚ್ಚಿಗೆ ಹಾಕುತ್ತಾರೆ. ಪ್ರತಿ ಓಣಿಯಲ್ಲಿ ಒಬ್ಬೊಬ್ಬಳು ನಿಂತು ಕಾವಲಿನವರಿಗೆ ‘ಏಳಿ’ ಎನ್ನುತ್ತಿದ್ದಳು. ಮುಂದಾಳು ಪಾರೀಸಪ್ಪ ಕೋಲೆತ್ತಿ ನಡೆದ. ಜನ ಚಂಪವ್ವನ ಕಾಲಿಗೆ ನೀರು ಹಾಕಿದರು, ಉಡಿ ತುಂಬಿದರು. ನಾನು ಯಾವ ಓಣಿಗೆ ಹೋದರೂ ಅವಳು ನನಗಿಂತ ಮೊದಲು ಅಲ್ಲಿ ಇರುತ್ತಿದ್ದಳು. ತಂಗಿ ಒಬ್ಬಳ ಮೇಲೆ ಹೊಟ್ಟೆಕಿಚ್ಚು ಪಡುವುದು ಎಲ್ಲರಿಗೂ ತಿಳಿದದ್ದು. ಅರವತ್ತನಾಲ್ಕು ಜನ ತಂಗಿಯರ ಮೇಲೆ ಪಟ್ಟವಳು ನಾನು.

ಚಂಪವ್ವ ಎದ್ದ ಮೂರನೆಯ ದಿನ ಹೊತ್ತು ಮುಳುಗುವ ಮೊದಲು ಊಟಕ್ಕೆಂದು ಮನೆಗೆ ಹೋದೆ. ನಮ್ಮ ಮನೆ ಅದೇ ಓಣಿಯ ಕೊನೆಯದು. ಅವ್ವ ಹೋಳಿಗೆ ಮಾಡುತ್ತಿದ್ದಳು. ಅಂಗಳದ ತುಂಬ ಚಂಪವ್ವ ಕುಳಿತು ಉಣ್ಣುತ್ತಿದ್ದಳು. ನಾನು ಒಲೆಯ ಹತ್ತಿರ ಹೋಗಿ ನಿಂತೆ. ಅವ್ವ ಬೆವರು ಒರೆಸಿಕೊಂಡಳು, ಹಣೆಯ ಮೇಲೆ ಕಾಗೆಬಂಗಾರದ ಒಂದು ಗೆರೆ ಮೂಡಿತು.

“ನೀ ಒಬ್ಬಾಕಿನ ಇದ್ದಿ, ಸೋನಿ,” ಎಂದಳು. “ಇವರದೆಲ್ಲ ಮುಗೀಲಿ. ನಿನಗ ನಾಳೆ ಮಾಡಿ ಕೊಡ್ತೀನಿ.”

ಅವಳು ನನಗೆ ಆಡಿದ ಕೊನೆಯ ಮಾತು ಇದು. ಆಡುವಾಗ ನಕ್ಕಿದ್ದಳು. ಪ್ರೀತಿಯಿಂದಲೇ ಆಡಿದ್ದಳು ಎಂದು ಈಗ ಬಲ್ಲೆ. ಆಗ ನಾನು ಉಣ್ಣದೆ ಹೊರಟು ಬಂದೆ.

ಮರುದಿನ ಮಧ್ಯಾಹ್ನ ಬಸದಿಯಲ್ಲಿ ಪಂಚನಮಸ್ಕಾರದ ಜಪಕ್ಕೆ ಕುಳಿತಿದ್ದೆ. ನೇಮಣ್ಣ ಓಡಿಬಂದು ಮೆಟ್ಟಿಲ ಕೆಳಗೆ ನಿಂತ.

“ಸೋನಕ್ಕಾ, ಅದು ಮುಗದೈತಿ. ಏಳನೇ ಮನಿಗೆ ಮುಗೀತು. ಲಗೂನ ಬಂದು ಸಾಕ ಅನ್ನು.”

ಜಪ ಮುಗಿದಿಲ್ಲ ಎಂದು ಕೈಸನ್ನೆ ಮಾಡಿದೆ. ಅದು ಸುಳ್ಳಲ್ಲ, ಹನ್ನೆರಡು ಮಣಿ ಉಳಿದಿದ್ದವು. ಹನ್ನೆರಡು ಮಣಿಗೆ ಎಷ್ಟು ಹೊತ್ತು ಬೇಕು. ನೇಮಣ್ಣ ಓಣಿಯ ಕಡೆ ನೋಡುತ್ತ ನಿಂತ, ಆಮೇಲೆ ಓಡಿದ. ಹನ್ನೆರಡೂ ಮುಗಿದವು. ಏಳಬೇಕಿತ್ತು. ಏಳಲಿಲ್ಲ. ಕಣ್ಣು ಮುಚ್ಚಿಕೊಂಡು ಮಾಲೆಯ ತಲೆಮಣಿಯಿಂದ ಎರಡನೆಯ ಸುತ್ತು ಹಿಡಿದೆ.

ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ಏನಿತ್ತೆಂದು ಬರೆದೇಬಿಡುತ್ತೇನೆ. ಕಾವಲಿನವರು ಇನ್ನೊಂದೆರಡು ಹಗೇವಿನ ಮುಚ್ಚಳ ಒಡೆಯಲಿ, ಯಾರದಾದರೂ ಹಿತ್ತಲಿನ ಗೋಡೆ ಕೆಡವಲಿ. ಇದೇನು ಚಂಪವ್ವನ ಹೇಳಿಕೆ, ನಿಲ್ಲುವುದೇ ಇಲ್ಲವಲ್ಲ ಎಂದು ಜನ ಬೇಸರಪಡಲಿ. ಆಗ ನಾನು ಬಿಳಿ ಸೀರೆಯುಟ್ಟು ನಡೆದುಹೋಗಿ ಒಂದು ಮಾತಿನಲ್ಲಿ ನಿಲ್ಲಿಸುತ್ತೇನೆ. ಎಲ್ಲರೂ ನನ್ನತ್ತ ತಿರುಗಿ ನೋಡುತ್ತಾರೆ. ದೇವರ ಹೆಸರನ್ನು ತುಟಿಯಲ್ಲಿಟ್ಟುಕೊಂಡು ಇಷ್ಟನ್ನು ಬಯಸಿದೆ.

ಕಾವಲಿನವರು ಹುಡುಕುತ್ತಿದ್ದುದು ಹೊಳಪನ್ನು. ಆ ಚೂರಿನ ಹೊಳಪು ಮುಗಿದಿತ್ತು. ಓಣಿಯ ಕೊನೆಗೆ ಬಂದಾಗ ಒಂದು ಮನೆಯ ಒಳಗೆ, ಬುಟ್ಟಿಯ ತುಂಬ, ಚಾಪೆಯ ಮೇಲೆ, ಒಬ್ಬ ಹೆಂಗಸಿನ ಕೈತುಂಬ ಹೊಳೆಯುವುದು ಕಂಡಿತು. ಎರಡೂ ಹೊಳಪು ಬೇರೆಯೆಂದು ಹೇಳಬಲ್ಲವಳು ಊರಿಗೆಲ್ಲ ಒಬ್ಬಳೇ. ಅವಳು ಜಪದಲ್ಲಿದ್ದಳು. ಅವರು ಬಾಗಿಲು ಮುಚ್ಚಿದರು.

ಚಂಪವ್ವ ಎಲ್ಲ ಓಣಿಗಳಿಂದ ಓಡಿಬಂದಳಂತೆ. ಒಳಗೆ ಅವ್ವ ಇದ್ದಾಳೆ ಎಂದು ಅರವತ್ತು ಬಾಯಿಂದ ಕೂಗಿದಳಂತೆ. ಆದರೆ ಹೇಳಿಕೆಯವಳು ಏನು ಕೂಗಿದರೂ ಕಾವಲಿನವರ ಕಿವಿಗೆ ಅದು ‘ಏಳಿ’ ಎಂದೇ ಬೀಳುತ್ತದೆ. ಅವಳು ಅತ್ತಷ್ಟೂ ಅವರು ಹೊಡೆದರು. ಬೇಡಿಕೊಂಡಷ್ಟೂ ಹೆಚ್ಚು ಜನ ಎದ್ದುಬಂದರು. ಆ ಸದ್ದಿಗೆ ನನ್ನ ಕೈಯಿಂದ ಮಾಲೆ ಜಾರಿತು. ಓಡಿದೆ. ಪಾರೀಸಪ್ಪನ ಕೋಲಿನ ಮೇಲೆ ಕೈಯಿಟ್ಟು ‘ಸಾಕು’ ಎಂದೆ. ಅವನು ಹಾಗೆಯೇ ಕುಕ್ಕರಿಸಿ ಕುಳಿತ. ಎಲ್ಲರೂ ಕುಳಿತರು. ಮನೆ ಇರಲಿಲ್ಲ. ಮಣ್ಣಿನ ರಾಶಿಯ ಮೇಲೆ ಬಿಸಿಲು ಬಿದ್ದು ಕಾಗೆಬಂಗಾರ ಹೊಳೆಯುತ್ತಿತ್ತು.

ಜನ ನನ್ನತ್ತ ತಿರುಗಿ ನೋಡಿದರು. ಸೋನವ್ವ ಬಂದದ್ದಕ್ಕೆ ಇಷ್ಟಾದರೂ ಉಳಿಯಿತು ಎಂದರು. ಚಂಪವ್ವನ ಬಾಯಿಗೆ ಹೆತ್ತವ್ವನೇ ಹೋದಳು ಎಂದರು. ನಾನು ಬಯಸಿದ್ದೆಲ್ಲ ಅಕ್ಷರಶಃ ಸಿಕ್ಕಿತು. ನೇಮಣ್ಣನಿಗೆ ತಾನು ಕರೆದದ್ದು ಗೊತ್ತಿತ್ತು, ಆದರೆ ಉಳಿದಿದ್ದ ಮಣಿಗಳ ಲೆಕ್ಕ ಅವನಿಗೆಲ್ಲಿ ಗೊತ್ತು. ಜಪದ ನಡುವೆ ಏಳುವಂತಿಲ್ಲ ಎಂದು ಅವನೇ ನನ್ನ ಪರವಾಗಿ ನಾಲ್ಕು ಜನರಿಗೆ ಹೇಳಿದ.

ವಾರದೊಳಗೆ ಅರವತ್ತನಾಲ್ಕು ಜನ ಕರಗಿದರು. ಹಾಗೆ ಕರಗುವುದೂ ಪದ್ಧತಿಯೇ. ಒಬ್ಬಳು ಉಳಿದಳು. ಅದೇ ಚೂರು ಮತ್ತೆ ಬಂದರೆ ಇರಲಿ ಎಂದು ಒಬ್ಬಳು ಉಳಿಯುತ್ತಾಳೆ. ಅವಳ ಮಣೆಯನ್ನು ಯಾರೂ ತೆಗೆಯಲಿಲ್ಲ, ಅವಳೇ ಎತ್ತಿಕೊಂಡು ಬಂದು ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಹಾಕಿಕೊಂಡಳು. ನಾವು ಒಂದೇ ಕೋಣೆಯಲ್ಲಿ ನಲವತ್ತು ವರ್ಷ ಇದ್ದೆವು. ಒಂದೇ ಒಲೆಯಲ್ಲಿ ಅಟ್ಟು ಉಂಡೆವು. ಅವಳು ಬೇಕಾದಷ್ಟು ಮಾತನಾಡುತ್ತಿದ್ದಳು, ಬತ್ತಿಯ ಬಗ್ಗೆ, ಬೇಳೆಯ ಬಗ್ಗೆ, ನನ್ನ ಮೊಣಕಾಲಿನ ಬಗ್ಗೆ. ಆ ದಿನದ ಮಾತನ್ನು ಎಂದೂ ಎತ್ತಲಿಲ್ಲ. ಬೀದಿಯಲ್ಲಿ ಹೆಂಗಸರು ಅವಳನ್ನು ಕಂಡು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಅವಳು ತಲೆ ತಗ್ಗಿಸಿ ನಡೆಯುತ್ತಿದ್ದಳು, ಆದರೆ ಹೊರೆ ಇಳಿಸಿದವಳಂತೆ ಹಗುರವಾಗಿ ನಡೆಯುತ್ತಿದ್ದಳು. ತಪ್ಪು ಮಾಡದವಳ ನಡಿಗೆ ಅದು. ಅದನ್ನು ನೋಡಿಯೂ ನನಗೆ ಉರಿಯುತ್ತಿತ್ತು.

ಹೋದ ತಿಂಗಳು ಅದೇ ಬೂದು ಹೊಳಪು ಮತ್ತೆ ಬಂತು. ಈ ಸಲ ಕುಂಬಾರರ ಓಣಿಗೆ. ಈಗ ತೋರಿಸುವವನು ನೇಮಣ್ಣನ ಮಗ. ಅವನು ಪಡಸಾಲೆಯ ಹೊಸ್ತಿಲು ದಾಟುವ ಮೊದಲೇ ಚಂಪವ್ವ ಕೋಲೂರಿಕೊಂಡು ಎದ್ದು ನಿಂತಿದ್ದಳು. ಅರವತ್ತೇಳರ ಮುದುಕಿ. ಮೆಟ್ಟಿಲಿಳಿಯುವಷ್ಟರಲ್ಲಿ ನೂರು ಜನ ಮುದುಕಿಯರು, ಅಗಸೆ ಮುಟ್ಟುವಷ್ಟರಲ್ಲಿ ಮುನ್ನೂರು. ಮೊದಲ ಸಲ ನಾಲ್ಕು ದಿನ ಹಿಡಿದದ್ದು ಈ ಸಲ ಒಂದು ಹೊತ್ತಿನಲ್ಲಿ ಮುಗಿಯುತ್ತ ಬಂತು. ನಾನು ಜಪಕ್ಕೆ ಕೂರಲಿಲ್ಲ. ಬೆಳಿಗ್ಗೆಯಿಂದ ಓಣಿಯ ಬಾಯಲ್ಲೇ ನಿಂತಿದ್ದೆ. ಎರಡನೆಯ ಮನೆ ಕೆಡವಿದ ಕೋಲುಗಳು, ಒಳಗೆ ಬಾಣಂತಿಯೊಬ್ಬಳು ಕೂಸಿಗೆ ಹಾಲೂಡುತ್ತಿದ್ದ ಮೂರನೆಯದರ ಕಡೆ ತಿರುಗುತ್ತಿದ್ದಂತೆ, ನಾನು ಮುಂದಾಳಿನ ಕೋಲಿನ ಮೇಲೆ ಕೈಯಿಟ್ಟು ‘ಸಾಕು’ ಎಂದೆ. ಕುಳಿತರು.

ಮುನ್ನೂರು ಜನ ಅಲ್ಲಲ್ಲೇ ಕರಗತೊಡಗಿದರು. ಕೊನೆಗೆ ಉಳಿದವಳು ಕುಂಬಾರರ ಕಟ್ಟೆಯ ಮೇಲೆ ಕುಸಿದು ಕುಳಿತಳು. ಉಸಿರು ಸಾಲುತ್ತಿರಲಿಲ್ಲ. ನಾನು ಹೋಗಿ ಬೆನ್ನು ನೀವಿದೆ.

“ಈ ಸಲ ಬರೋಬ್ಬರಿ ಹೇಳಿದಿ, ಅಕ್ಕಾ,” ಎಂದಳು.

ನಾನು ನೀವುತ್ತಲೇ ಇದ್ದೆ. ಅವಳು ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡಳು.

“ಆವತ್ತ ನೀ ಎರಡನೇ ಸುತ್ತು ಹಿಡದಿದ್ದಿ.”

ನನ್ನ ಕೈ ಅವಳ ಬೆನ್ನಿನ ಮೇಲೆಯೇ ನಿಂತಿತು. ನಿನಗೆ ಯಾರು ಹೇಳಿದರು ಎಂದು ಕೇಳಿದೆ.

“ಅರವತ್ತನಾಕ ಮಂದಿ ಇದ್ನಲ್ಲ. ಬಸದಿ ಬಾಗಿಲಾಗೂ ಒಬ್ಬಾಕಿ ನಿಂತಿದ್ದೆ. ನಿನ್ನ ಕರ್ಯಾಕ ಬಂದಿದ್ದೆ. ಮಾಲಿ ಮುಗಿಸಿದಿ, ಕಣ್ಣ ತಗೀಲಿಲ್ಲ, ಮತ್ತ ಮೊದಲಿಂದ ಹಿಡದಿ. ಜಪದಾಗಿದ್ದಾಕಿನ ಕರೀಬಾರದಂತ ನಿಂತು ನೋಡಿದೆ.”

“ಹಂಗಾರ ಯಾಕ ಯಾರಿಗೂ ಹೇಳಲಿಲ್ಲ, ಚಂಪೀ? ನಲವತ್ತು ವರ್ಷ ಮಂದಿ ನಿನಗ ಅಂದ್ರು.”

“ನಾ ಹೇಳಿದ್ರ ಕೋಲು ಏಳತಾವ, ಅಕ್ಕಾ,” ಎಂದಳು. “ನಿನ್ನ ಮ್ಯಾಲ ಏಳತಿದ್ವು. ಮನ್ಯಾಗ ಒಬ್ಬಾಕಿ ಹೋಗಿದ್ದು ಸಾಕಾಗಿತ್ತು.”

ಅಂದೇ ಹಾಸಿಗೆ ಹಿಡಿದವಳು ಮತ್ತೆ ಏಳಲಿಲ್ಲ. ಒಂಬತ್ತನೆಯ ದಿನ ಮಧ್ಯಾಹ್ನ ನನ್ನ ತೊಡೆಯ ಮೇಲೆಯೇ ತೀರಿಕೊಂಡಳು. ಊರಿನವರು ಬಂದು, ಮುದುಕಿ ಈ ಸಲವಾದರೂ ಒಳ್ಳೆಯದು ಮಾಡಿ ಹೋದಳು ಎಂದರು. ನಾನು ಅಲ್ಲೇ ಬಾಯಿಬಿಟ್ಟು, ಆವತ್ತಿನ ತಪ್ಪು ನನ್ನದು ಎಂದು ಹೇಳಿದೆ. ತಂಗಿ ಹೋದ ದುಃಖಕ್ಕೆ ಸೋನವ್ವನ ತಲೆ ನಿಂತಿಲ್ಲ ಎಂದು ಹೇಳಿ ಸಮಾಧಾನ ಮಾಡಿದರು. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ಸಾಕು ಎನ್ನುವುದು ಒಂದೇ ನನ್ನ ಪಾಲಿಗೆ ಬಂದ ಕೆಲಸ. ಬೇರೆ ಏನೂ ಇಲ್ಲದಿದ್ದರೂ ಇದಾದರೂ ನನ್ನದು ಎಂದು ಜನ್ಮವೆಲ್ಲ ಹಿಡಿದುಕೊಂಡಿದ್ದೆ. ಕೋಲನ್ನು ತಡೆಯುವ, ನಾನು ಅರ್ಧ ಜಾವ ಮಾಡಲಾರದೆ ಹೋದ ಕೆಲಸವನ್ನು ಅವಳು ಬಾಯಿ ಮುಚ್ಚಿಕೊಂಡು ನಲವತ್ತು ವರ್ಷ ಮಾಡಿದ್ದಳು. ಅದೂ ನನ್ನ ಪಕ್ಕದಲ್ಲೇ ಮಣೆ ಹಾಕಿಕೊಂಡು. ಅದನ್ನೂ ನನಗಿಂತ ಚೆನ್ನಾಗಿ.

ಜರಡಿಮನೆ ಈಗ ದೀಪ ಇಡುವ ಗೂಡಿನಷ್ಟಾಗಿದೆ. ಹುಡುಗಿಯರನ್ನು ಕೂರಿಸುವುದು ನಿಂತು ಎಷ್ಟೋ ವರ್ಷವಾಯಿತು; ಊರು ಇದ್ದ ಮುದುಕಿಯರ ಮೇಲೆಯೇ ನಡೆಯುತ್ತಿದೆ. ಆದರೆ ಆ ಗೂಡಿಗೆ ಇನ್ನೂ ಪರದೆಯಿದೆ, ಪರದೆಗೆ ಕೈ ತೂರುವಷ್ಟು ಸೀಳಿದೆ. ಬಸದಿಯಿಂದ ಬರುವಾಗ ದಿನಾ ಅಲ್ಲಿ ಕೂರುತ್ತೇನೆ. ಅವ್ವನ ಮನೆಯ ಮಣ್ಣಿನಿಂದ ಆರಿಸಿಟ್ಟುಕೊಂಡ ಕಾಗೆಬಂಗಾರವನ್ನು ಅಂಗೈಗೆ ಸವರಿಕೊಂಡು ಒಳಗೆ ಕೈ ಚಾಚುತ್ತೇನೆ. ಯಾರಾದರೂ ಹಿಡಿದು, ಇದು ನಮ್ಮವಳದು ಎಂದರೆ ಸಾಕು, ಚೀರದಿದ್ದರೆ ಸಾಕು.

ಇಂದು ಬೆಳಿಗ್ಗೆ ಒಳಗಿನಿಂದ ಯಾರೋ ಬೆರಳು ಹಿಡಿದಂತಾಯಿತು. ಹಗುರವಾಗಿ ಹಿಡಿದು, ನಕ್ಕು, ಬಿಟ್ಟಂತೆ. ಹಾಗೆ ಹಿಡಿಯುವವಳು ಒಬ್ಬಳೇ. ಅವಳು ನನಗಿಂತ ಮೊದಲು ಅವ್ವನ ಹತ್ತಿರ ಹೋಗಿ ತಲೆ ಬಾಚಿಸಿಕೊಂಡು ಕುಳಿತಿದ್ದಾಳೆ ಎಂದು ಹೊಳೆಯಿತು. ಹೊಟ್ಟೆಯಲ್ಲಿ ಅದೇ ಹಳೆಯ ಕಿಚ್ಚು ಎದ್ದಿತು. ನನಗೆ ನಾನೇ ‘ಸಾಕು’ ಎಂದುಕೊಂಡೆ. ಕಿಚ್ಚು ಕೂರಲಿಲ್ಲ. ಕೈಯನ್ನು ಮಾತ್ರ ಹಿಂದೆ ತೆಗೆಯಲಿಲ್ಲ.